ಆಂಟೆನಾ ಅಚ್ಚಾದ ಕತೆ

ತಲಪಾಡಿಯಲ್ಲೋ ಹೆಜಮಾಡಿಯಲ್ಲೋ ಟೋಲ್‌ಗೇಟಿನ ಸಾಲಿನಲ್ಲಿ ಕಾರು ನಿಂತಾಗ ನಮ್ಮ ಕಣ್ಣು ಇರುವುದು ಮುಂದಿನ ಅಡ್ಡಗೋಲಿನ ಮೇಲೆ. ಅದು ಮೇಲೇಳುವುದೇ ತಡ, ಹೊರಟುಬಿಡುತ್ತೇವೆ. ಅದನ್ನು ಮೇಲೆಬ್ಬಿಸಿದ್ದು ಏನು ಎಂದು ತಲೆಯೆತ್ತಿ ನೋಡುವವರು ಕಡಿಮೆ. 2021ರ ಫೆಬ್ರವರಿಯಿಂದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಕಡ್ಡಾಯವಾದ ಫಾಸ್ಟ್ಯಾಗ್ ಚೀಟಿಯನ್ನು ಬೆಳಕಿಗೆ ಹಿಡಿದರೆ ಒಳಗೆ ಕೂದಲಿನಂತಲ್ಲದಿದ್ದರೂ ದಾರದಂತಹ ಲೋಹದ ಗೆರೆಗಳು ಕಾಣುತ್ತವೆ. ನಡುವೆ ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಚಿಪ್. ಬ್ಯಾಟರಿ ಇಲ್ಲ, ವಯರಿಲ್ಲ. ಗೇಟಿನ ಮೇಲ್ಗಡೆ ಕಂಬಕ್ಕೆ ಬಿಗಿದ ಒಂದು ಚಪ್ಪಟೆ ಪೆಟ್ಟಿಗೆ ಇದೆ. ಅಲ್ಲಿಂದ ಹೊರಟ ರೇಡಿಯೋ ಅಲೆ ಚೀಟಿಯ ಗೆರೆಗಳಿಗೆ ತಾಕುತ್ತದೆ. ಚಿಪ್ ತನಗೆ ಬೇಕಾದ ವಿದ್ಯುತ್ತನ್ನು ಆ ಅಲೆಯಿಂದಲೇ ಪಡೆದುಕೊಂಡು, ಅದೇ ಅಲೆಯನ್ನು ತುಸು ಏರಿಳಿಸಿ, ತನ್ನ ನಂಬರನ್ನು ಹಿಂದಕ್ಕೆ ಕಳುಹಿಸುತ್ತದೆ.

ಚೀಟಿಯ ಗೆರೆಗಳು ಒಂದು ಆಂಟೆನಾ. ಪೆಟ್ಟಿಗೆಯೊಳಗೆ ಇರುವುದು ಇನ್ನೊಂದು. ಎರಡೂ ಒಂದೇ ಮನೆತನದವು. ಕೋಲಿನ ರೂಪ ಬಿಟ್ಟು ಹಾಳೆಯಂತೆ ಚಪ್ಪಟೆಯಾದವು. ಆದರೆ ಒಂದು ಅಂಗೈಯಷ್ಟು ಚಿಕ್ಕದು, ಅಗ್ಗದ್ದು, ದುರ್ಬಲ. ಇನ್ನೊಂದು ದೊಡ್ಡದು, ಒಂದೇ ದಿಕ್ಕಿಗೆ ಬಲವಾಗಿ ಬೀರುವಂಥದ್ದು. ಚೀಟಿ ಅಷ್ಟು ಚಿಕ್ಕದಾಗಿರಲು ಸಾಧ್ಯವಾದದ್ದು ಪೆಟ್ಟಿಗೆ ಅಷ್ಟು ದೊಡ್ಡದಾಗಿರುವುದರಿಂದ ಎಂಬುದು ಗಮನಿಸಬೇಕಾದ ಸಂಗತಿ. ಚಿಕ್ಕದಾಗಿಯೂ ಇರಬೇಕು, ಬಲವಾಗಿಯೂ ಬೀರಬೇಕು ಎಂಬ ಎರಡು ಆಸೆಗಳ ನಡುವೆ ಮನುಷ್ಯ ನಡೆಸಿದ ಚೌಕಾಸಿಯ ಚರಿತ್ರೆಯನ್ನು ಇಲ್ಲಿ ಹೇಳಲು ಹೊರಟಿದ್ದೇವೆ. ಅದರಲ್ಲಿ ವಿಜ್ಞಾನಿಗಳಷ್ಟೇ ಅಲ್ಲ, ನಿರಾಶ್ರಿತರೂ ಕೈದಿಗಳೂ ಬರುತ್ತಾರೆ.

ಮೂವತ್ತೈದು ದಾಟಿದ ಓದುಗರಿಗೆ ಆಂಟೆನಾ ಎಂದೊಡನೆ ನೆನಪಾಗುವುದು ಮನೆಯ ಹಂಚಿನ ಮಾಡಿನ ಮೇಲೆ ಮೀನಿನ ಮುಳ್ಳಿನಂತೆ ನಿಂತಿದ್ದ ಅಲ್ಯೂಮಿನಿಯಂ ಕಡ್ಡಿಗಳು. ದೂರದರ್ಶನದ ಕಾಲವದು. ಒಬ್ಬ ಮಾಡಿನ ಮೇಲೆ ಹತ್ತಿ ಕಂಬ ತಿರುಗಿಸಬೇಕು, ಇನ್ನೊಬ್ಬ ಅಂಗಳದಲ್ಲಿ ನಿಂತು ಕೂಗಬೇಕು, ಮೂರನೆಯವಳು ಕಿಟಕಿಯಿಂದ ವರದಿ ಕೊಡಬೇಕು. "ಬಂತಾ?" "ಬಂತು ಬಂತು... ಅಯ್ಯೋ, ಹೋಯಿತು!" ಅಷ್ಟೊಂದು ಕಡ್ಡಿಗಳಲ್ಲಿ ವಯರು ಸೇರಿದ್ದು ಒಂದಕ್ಕೆ ಮಾತ್ರ. ಉಳಿದವು ಸುಮ್ಮನೆ ನಿಂತಿರುತ್ತಿದ್ದವು. ಆದರೆ ಅವು ನಿಂತ ಅಂತರ ಮತ್ತು ಅವುಗಳ ಉದ್ದ ಸರಿಯಾಗಿದ್ದರೆ, ಹಿಂದಿನದು ಅಲೆಯನ್ನು ಮುಂದಕ್ಕೆ ತಳ್ಳುತ್ತಿತ್ತು, ಮುಂದಿನವು ದಾರಿ ತೋರಿಸುತ್ತಿದ್ದವು.

ಇದನ್ನು ಕಂಡುಹಿಡಿದವರು ಜಪಾನಿನ ಸೆಂಡೈ ನಗರದ ತೊಹೊಕು ವಿಶ್ವವಿದ್ಯಾಲಯದ ಶಿಂತಾರೊ ಉದಾ ಮತ್ತು ಹಿದೆತ್ಸುಗು ಯಾಗಿ, 1926ರಲ್ಲಿ. ಹೆಚ್ಚಿನ ದುಡಿಮೆ ಉದಾ ಅವರದು. 1928ರಲ್ಲಿ ಇಂಗ್ಲಿಷಿನಲ್ಲಿ ಬರೆದು ಜಗತ್ತಿಗೆ ತಿಳಿಸಿದವರು ಯಾಗಿ. ಹಾಗಾಗಿ ಲೋಕದ ಬಾಯಲ್ಲಿ ಉಳಿದದ್ದು ಯಾಗಿಯ ಹೆಸರು. ಜಪಾನಿನಲ್ಲಿಯೇ ಇದನ್ನು ಯಾರೂ ಹೆಚ್ಚು ಗಮನಿಸಲಿಲ್ಲ. 1942ರ ಫೆಬ್ರವರಿಯಲ್ಲಿ ಸಿಂಗಾಪುರ ಜಪಾನೀಯರ ಕೈಗೆ ಬಿದ್ದಾಗ ಬ್ರಿಟಿಷ್ ರೇಡಾರ್ ನೆಲೆಯೊಂದರಲ್ಲಿ ಟಿಪ್ಪಣಿ ಪುಸ್ತಕವೊಂದು ಸಿಕ್ಕಿತು. ಅದರಲ್ಲಿ ಮತ್ತೆ ಮತ್ತೆ ಬರುತ್ತಿದ್ದ "ಯಾಗಿ" ಎಂಬ ಪದದ ಅರ್ಥ ಜಪಾನಿ ಅಧಿಕಾರಿಗಳಿಗೆ ಹೊಳೆಯಲಿಲ್ಲ. ಸೆರೆಸಿಕ್ಕ ಬ್ರಿಟಿಷ್ ತಂತ್ರಜ್ಞನನ್ನು ಕರೆಸಿ ಕೇಳಿದರಂತೆ. ಅದು ನಿಮ್ಮದೇ ದೇಶದ ಪ್ರೊಫೆಸರರ ಹೆಸರು ಎಂದು ಆತ ಹೇಳಿದಾಗ ಅವರಿಗೆ ನಂಬಲಾಗಲಿಲ್ಲವಂತೆ. ಜಪಾನಿನ ವಿಜ್ಞಾನ ಚರಿತ್ರೆಯಲ್ಲಿ ಇಂದಿಗೂ ಹೇಳಲಾಗುವ ಪ್ರಸಂಗ ಇದು. ಇದರ ಮುಂದಿನ ಭಾಗ ಇನ್ನೂ ಕಹಿ. 1945ರ ಆಗಸ್ಟಿನಲ್ಲಿ ಹಿರೋಶಿಮಾ, ನಾಗಸಾಕಿಗಳ ಮೇಲೆ ಬಿದ್ದ ಬಾಂಬುಗಳು ನೆಲದಿಂದ ಎಷ್ಟು ಎತ್ತರದಲ್ಲಿವೆ ಎಂದು ಅಳೆಯಲು ಅವುಗಳ ಮೈಮೇಲೆ ಅಳವಡಿಸಿದ್ದ ಪುಟ್ಟ ರೇಡಾರ್ ಆಂಟೆನಾಗಳು ಯಾಗಿ ಮಾದರಿಯವೇ ಆಗಿದ್ದವು.

ಇನ್ನು ಈ ಕಡ್ಡಿಗಳು ಅಷ್ಟು ಉದ್ದವೇಕೆ ಎಂಬ ಪ್ರಶ್ನೆಗೆ ಬರೋಣ. ಆಂಟೆನಾ ಚೆನ್ನಾಗಿ ಮಿಡಿಯಬೇಕಾದರೆ ಅದರ ಉದ್ದ ಸುಮಾರಾಗಿ ಅಲೆಯ ಉದ್ದದ ಅರ್ಧದಷ್ಟು ಇರಬೇಕು. ಬೆಂಗಳೂರು ಆಕಾಶವಾಣಿಯ ಹಳೆಯ ಕೇಳುಗರಿಗೆ ಪರಿಚಿತವಾದ 612 ಕಿಲೋಹರ್ಟ್ಸ್ ಅನ್ನೇ ತೆಗೆದುಕೊಳ್ಳಿ. ಅದರ ಅಲೆಯ ಉದ್ದ 490 ಮೀಟರ್. ಭೂಮಿಯೇ ಕನ್ನಡಿಯಂತೆ ವರ್ತಿಸಿ ಅರ್ಧ ಭಾರ ಹೊರುತ್ತದೆ ಎಂದಿಟ್ಟುಕೊಂಡರೂ 120 ಮೀಟರಿನಷ್ಟು ಕಂಬ ಬೇಕು. ಫಾಸ್ಟ್ಯಾಗ್ ಬಳಸುವುದು ಸುಮಾರು 866 ಮೆಗಾಹರ್ಟ್ಸ್; ಅರ್ಧ ಅಲೆ 17 ಸೆಂಟಿಮೀಟರ್. ಅಷ್ಟು ಉದ್ದದ ಗೆರೆ ಚೀಟಿಯಲ್ಲಿ ಹಿಡಿಸದು. ಹಾಗಾಗಿ ಅದನ್ನು ಜಿಲೇಬಿಯಂತೆ ಅಂಕುಡೊಂಕಾಗಿ ಮಡಚಿ ಇಟ್ಟಿರುತ್ತಾರೆ.

ಇನ್ನೊಂದು ಗುಣ ಗಳಿಕೆ. ಇಂಜಿನಿಯರುಗಳು ಗೇನ್ ಎನ್ನುತ್ತಾರೆ. ಹೆಸರು ಕೇಳಿ ಆಂಟೆನಾ ಎಲ್ಲಿಂದಲೋ ಹೆಚ್ಚಿನ ಶಕ್ತಿ ಗಳಿಸುತ್ತದೆ ಎಂದು ತಿಳಿಯಬಾರದು. ಗದ್ದೆಯ ಆಚೆ ಬದುವಿನಲ್ಲಿರುವವನನ್ನು ಕರೆಯುವಾಗ ಎರಡೂ ಅಂಗೈಗಳನ್ನು ಬಾಯಿಯ ಸುತ್ತ ಹಿಡಿಯುತ್ತೇವಲ್ಲವೆ? ಗಂಟಲಿನ ಶಕ್ತಿ ಹೆಚ್ಚಲಿಲ್ಲ. ಅಕ್ಕಪಕ್ಕಕ್ಕೆ ಹೋಗಿ ಹಾಳಾಗುತ್ತಿದ್ದ ದನಿ ಮುಂದಕ್ಕೆ ಹೋಯಿತು, ಅಷ್ಟೆ. ಒಂದು ದಿಕ್ಕಿಗೆ ಕೊಟ್ಟದ್ದನ್ನು ಬೇರೆ ದಿಕ್ಕುಗಳಿಂದ ಕಸಿದುಕೊಂಡೇ ಕೊಟ್ಟಿರುತ್ತದೆ. ಹಾಗೆ ಕೂಡಿಸಿ ಬೀರಲು ಅಂಗೈಯಂತಹ ಒಂದು ಅಗಲ ಬೇಕು. ಅಗಲವಿಲ್ಲದೆ ಗಳಿಕೆಯಿಲ್ಲ.

ಈ ವಿದ್ಯೆಯ ಬೇರು ಬಹಳ ಹಳೆಯದು. 1888ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಹೈನ್‌ರಿಶ್ ಹರ್ಟ್ಸ್ ರೇಡಿಯೋ ಅಲೆಯನ್ನು ಬೆಳಕಿನಂತೆ ಒಂದೆಡೆ ಕೂಡಿಸಿ ತೋರಿಸಿದ್ದು ಎರಡು ಮೀಟರ್ ಎತ್ತರದ ಸತುವಿನ ತಗಡನ್ನು ಪ್ಯಾರಾಬೊಲಾ ಆಕಾರಕ್ಕೆ ಬಗ್ಗಿಸಿ. ಅಂತಹ ಕನ್ನಡಿ ಬೆಳಕನ್ನು ಹೇಗೆ ಒಂದು ಬಿಂದುವಿಗೆ ತರುತ್ತದೆ ಎಂಬ ಬಗ್ಗೆ 11ನೇ ಶತಮಾನದಲ್ಲಿ ಕೈರೋದಲ್ಲಿದ್ದ ಇಬ್ನುಲ್ ಹೈಸಮ್ ಒಂದು ಗ್ರಂಥವನ್ನೇ ಬರೆದಿದ್ದರು. ಅದು ಲ್ಯಾಟಿನ್‌ಗೆ ಅನುವಾದವಾಗಿ ಯುರೋಪಿಗೆ ಹೋಯಿತು. ಇಬ್ನುಲ್ ಹೈಸಮ್‌ಗಿಂತ ಹಿಂದೆ ಗ್ರೀಕರು ಈ ಬಗ್ಗೆ ಬರೆದಿದ್ದರು. ನಮ್ಮ ಸಮುದಾಯದ ವೇದಿಕೆಗಳಲ್ಲಿ "ಎಲ್ಲವನ್ನೂ ಕಂಡುಹಿಡಿದವರು ಮುಸ್ಲಿಮರೇ" ಎಂಬ ಭಾಷಣ ಆಗಾಗ ಕೇಳಿಬರುತ್ತದೆ. ಇನ್ನೊಂದು ವೇದಿಕೆಯಲ್ಲಿ ಎಲ್ಲವೂ ಪುಷ್ಪಕ ವಿಮಾನದಲ್ಲಿಯೇ ಇತ್ತು ಎನ್ನುತ್ತಾರೆ. ಎರಡೂ ಕಡೆ ಚಪ್ಪಾಳೆ ಬೀಳುತ್ತದೆ. ಇಬ್ನುಲ್ ಹೈಸಮ್ ತಾನು ಗ್ರೀಕರಿಂದ ಪಡೆದದ್ದನ್ನು ಮುಚ್ಚಿಟ್ಟವರಲ್ಲ. ಪಡೆದದ್ದನ್ನು ಪ್ರಶ್ನಿಸಿ, ಅಳೆದು, ಮುಂದಿನವರಿಗೆ ಕೊಟ್ಟರು. ಅವರ ಹೆಸರು ಹೇಳುವ ನಾವು ಆ ಅಳತೆಯ ಅಭ್ಯಾಸವನ್ನು ಎಷ್ಟು ಉಳಿಸಿಕೊಂಡಿದ್ದೇವೆ?

ಹರ್ಟ್ಸ್ 1894ರಲ್ಲಿ ಮೂವತ್ತಾರರ ವಯಸ್ಸಿಗೇ ತೀರಿಕೊಂಡರು. ಮರು ವರ್ಷ, 1895ರಲ್ಲಿ, ಕಲ್ಕತ್ತೆಯ ಟೌನ್ ಹಾಲಿನಲ್ಲಿ ಜಗದೀಶ್ ಚಂದ್ರ ಬೋಸ್ ಗೋಡೆಯಾಚೆಯಿಂದ ಅಲೆ ಕಳುಹಿಸಿ ಗಂಟೆ ಬಾರಿಸಿದರು, ಮದ್ದುಪುಡಿ ಸಿಡಿಸಿದರು. ಬೋಸ್ ದುಡಿದದ್ದು ಕೆಲವೇ ಮಿಲಿಮೀಟರ್ ಉದ್ದದ ಅಲೆಗಳ ಮೇಲೆ. ಅಲೆ ಚಿಕ್ಕದಾದರೆ ಸಲಕರಣೆಯೂ ಚಿಕ್ಕದಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆಲಿಕೆಯ ಆಕಾರದ ಅವರ ಆಂಟೆನಾವನ್ನು ಇಂದು ಹಾರ್ನ್ ಎನ್ನುತ್ತಾರೆ. ಆದರೆ ಲೋಕ ಹೋದದ್ದು ಮಾರ್ಕೋನಿಯ ದಾರಿಯಲ್ಲಿ, ಉದ್ದದ ಅಲೆಗಳ ಕಡೆಗೆ. 1901ರ ಡಿಸೆಂಬರಿನಲ್ಲಿ ಅಟ್ಲಾಂಟಿಕ್ ಆಚೆಯ ಸಂಕೇತ ಹಿಡಿಯಲು ಮಾರ್ಕೋನಿ ಬಳಸಿದ್ದು ಗಾಳಿಪಟಕ್ಕೆ ಕಟ್ಟಿ ಹಾರಿಸಿದ ಸುಮಾರು 150 ಮೀಟರ್ ತಂತಿ. ದೂರ ಹೋಗುವುದೇ ಗುರಿಯಾಗಿದ್ದ ಆ ಕಾಲಕ್ಕೆ ಕಲ್ಕತ್ತೆಯ ಪುಟ್ಟ ಅಲೆಗಳು ಬೇಡವಾಗಿದ್ದವು.

ಈಗ ಅಚ್ಚಿನ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ನಮ್ಮ ಮನೆಯ ಪ್ರತಿಯೊಂದು ಇಲೆಕ್ಟ್ರಾನಿಕ್ ಸಾಮಾನಿನ ಹೊಟ್ಟೆಯಲ್ಲಿರುವ ಹಸಿರು ಹಲಗೆಗೆ ಕಾರಣರಾದವರಲ್ಲಿ ಪ್ರಮುಖ ವ್ಯಕ್ತಿಯ ಹೆಸರು ಹೆಚ್ಚಿನವರಿಗೆ ತಿಳಿದಿಲ್ಲ. ಪೌಲ್ ಐಸ್ಲರ್ 1907ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ. 1930ರಲ್ಲಿ ಇಂಜಿನಿಯರಿಂಗ್ ಪದವಿ ಪಡೆದರೂ, ಯಹೂದಿ ದ್ವೇಷ ಬೆಳೆಯುತ್ತಿದ್ದ ಆಸ್ಟ್ರಿಯಾದಲ್ಲಿ ಓದಿಗೆ ತಕ್ಕ ನೌಕರಿ ಸಿಗಲಿಲ್ಲ. ಹೊಟ್ಟೆಪಾಡಿಗೆ ಪತ್ರಿಕೆಯ ಕೆಲಸಕ್ಕೆ ಸೇರಿ ಮುದ್ರಣ ವಿದ್ಯೆಯನ್ನು ಹತ್ತಿರದಿಂದ ಕಂಡರು. 1936ರಲ್ಲಿ ಊರು ಬಿಟ್ಟು ಲಂಡನ್ನಿಗೆ ಬಂದು ಬಾಡಿಗೆ ಕೋಣೆಯೊಂದರಲ್ಲಿ ಇಳಿದುಕೊಂಡರು. ಕೈಯಲ್ಲಿ ಹಣವಿರಲಿಲ್ಲ. ತಲೆಯಲ್ಲಿ ಒಂದು ಯೋಚನೆಯಿತ್ತು.

ಆ ಕಾಲದ ರೇಡಿಯೋ ಒಳಗೆ ನೋಡಿದರೆ ಹಕ್ಕಿಗೂಡಿನಂತೆ ವಯರುಗಳು. ಸಾಲಾಗಿ ಕುಳಿತ ಹುಡುಗಿಯರು ಒಂದೊಂದನ್ನೂ ಕೈಯಿಂದ ಬೆಸುಗೆ ಹಾಕುತ್ತಿದ್ದರು. ಚಿತ್ರವನ್ನು ಕಾಗದದ ಮೇಲೆ ಅಚ್ಚು ಹಾಕುವಂತೆ ವಯರುಗಳ ನಕ್ಷೆಯನ್ನೇ ತಾಮ್ರದ ಹಾಳೆಯ ಮೇಲೆ ಅಚ್ಚು ಹಾಕಿ, ಬೇಡವಾದ ತಾಮ್ರವನ್ನು ಆಮ್ಲದಂತಹ ದ್ರಾವಣದಲ್ಲಿ ಕರಗಿಸಿಬಿಟ್ಟರೆ ಹೇಗೆ ಎಂದು ಐಸ್ಲರ್ ಯೋಚಿಸಿದರು. ಆ ಬಾಡಿಗೆ ಕೋಣೆಯಲ್ಲಿಯೇ ಹಾಗೊಂದು ರೇಡಿಯೋ ಮಾಡಿಯೂ ತೋರಿಸಿದರು. ಕಾರ್ಖಾನೆಯವರು ಒಪ್ಪಲಿಲ್ಲ. ಈ ಕೆಲಸ ಹುಡುಗಿಯರು ಮಾಡುತ್ತಾರೆ, ಅವರಿಗೆ ಕೊಡುವ ಕೂಲಿ ಇದಕ್ಕಿಂತ ಅಗ್ಗ ಎಂಬ ಉತ್ತರ ಬಂತೆಂದು ಐಸ್ಲರ್ ನೆನಪಿಸಿಕೊಂಡಿದ್ದಾರೆ. ಶ್ರಮ ಅಗ್ಗವಾಗಿರುವ ಕಡೆ ಬುದ್ಧಿಗೆ ಬೆಲೆ ಇರುವುದಿಲ್ಲ ಎನ್ನಲು ಲಂಡನ್ನಿನವರೆಗೆ ಹೋಗಬೇಕಾಗಿಲ್ಲ.

ಯುದ್ಧ ಶುರುವಾದಾಗ ಇಂಗ್ಲೆಂಡ್ ಮಾಡಿದ್ದೇನು? ನಾಝಿಗಳಿಂದ ತಪ್ಪಿಸಿಕೊಂಡು ಬಂದಿದ್ದ ಈ ಮನುಷ್ಯನನ್ನು "ಶತ್ರು ದೇಶದವನು" ಎಂದು 1940ರಲ್ಲಿ ಬಂಧನದಲ್ಲಿಟ್ಟಿತು. ಹುಟ್ಟಿದ ದೇಶಕ್ಕೆ ಆತ ಯಹೂದಿ, ಆಶ್ರಯ ಪಡೆದ ದೇಶಕ್ಕೆ ಆಸ್ಟ್ರಿಯನ್. ಹೆಸರು ನೋಡಿ ನಿಷ್ಠೆಯನ್ನು ಅಳೆಯುವ ರೋಗದ ರುಚಿ ನಮ್ಮ ಓದುಗರಿಗೆ ತಿಳಿಯದ್ದಲ್ಲ. ಹರ್ಟ್ಸ್ ಅವರನ್ನು ಕೂಡ ಅದು ಸುಮ್ಮನೆ ಬಿಡಲಿಲ್ಲ. ಅವರ ತಂದೆಯ ಮನೆತನ ಯಹೂದಿ ಮೂಲದ್ದು ಎಂಬ ಕಾರಣಕ್ಕೆ, ಸತ್ತು ನಾಲ್ಕು ದಶಕಗಳಾಗಿದ್ದ ಆ ವಿಜ್ಞಾನಿಯ ಚಿತ್ರಪಟವನ್ನು ನಾಝಿಗಳು ಹ್ಯಾಂಬುರ್ಗಿನ ಪುರಭವನದಿಂದ ತೆಗೆಸಿದ್ದರು. ಇಂದು ಪ್ಯಾಲೆಸ್ತೀನಿನ ನಿರಾಶ್ರಿತರ ಬಗ್ಗೆ ಬರೆಯುವ ನಾವು ಅಂದಿನ ಈ ನಿರಾಶ್ರಿತನ ಬಗ್ಗೆಯೂ ಅದೇ ಮನಸ್ಸಿನಿಂದ ಬರೆಯಬೇಕಾಗುತ್ತದೆ. ಮನೆ ಕಳೆದುಕೊಂಡವನ ನೋವಿಗೆ ಮತಭೇದವಿಲ್ಲ.

ಬಿಡುಗಡೆಯಾದ ಮೇಲೆ ಐಸ್ಲರ್‌ಗೆ ಆಸರೆ ಕೊಟ್ಟದ್ದು ಹೆಂಡರ್ಸನ್ ಆಂಡ್ ಸ್ಪಾಲ್ಡಿಂಗ್ ಎಂಬ ಮುದ್ರಣಾಲಯ. ಅದರ ಕಸುಬು ಸಂಗೀತದ ಸ್ವರಲಿಪಿ ಅಚ್ಚು ಹಾಕುವುದು! ಐಸ್ಲರ್ ಕರಾರುಪತ್ರವನ್ನು ಸರಿಯಾಗಿ ಓದದೆ ಸಹಿ ಹಾಕಿದರು. ಪೇಟೆಂಟಿನ ಹಕ್ಕು ಒಂದು ಪೌಂಡ್ ಎಂಬ ಹೆಸರಿಗಷ್ಟೇ ಇರುವ ಬೆಲೆಗೆ ಕಂಪೆನಿಯ ಪಾಲಾಯಿತು. ಅವರಿಗೆ ಉಳಿದದ್ದು ಅದರ ಅಂಗಸಂಸ್ಥೆಯಲ್ಲಿ ಒಂದು ಸಣ್ಣ ಪಾಲು. 1943ರಲ್ಲಿ ಪೇಟೆಂಟಿಗೆ ಅರ್ಜಿ ಹೋಯಿತು. ಅಚ್ಚಿನ ಸರ್ಕಿಟ್ಟಿನ ಬಲವನ್ನು ಮೊದಲು ಗುರುತಿಸಿದ್ದು, ಎಂದಿನಂತೆ, ಯುದ್ಧ. ಗುರಿಯ ಹತ್ತಿರ ಬಂದೊಡನೆ ತಾನಾಗಿಯೇ ಸಿಡಿಯುವ ಗುಂಡುಗಳ ಒಳಗೆ ಅಮೆರಿಕನ್ನರು ಮುದ್ರಿತ ಸರ್ಕಿಟ್ ಬಳಸಿದರು. ಯುದ್ಧ ಮುಗಿದ ಮೇಲೆ ರೇಡಿಯೋ, ಟಿ.ವಿ. ಕಾರ್ಖಾನೆಗಳೆಲ್ಲ ಅದೇ ದಾರಿ ಹಿಡಿದವು. ಅಮೆರಿಕದ ನ್ಯಾಯಾಲಯದಲ್ಲಿ ಪೇಟೆಂಟ್ ನಿಲ್ಲಲಿಲ್ಲ. ಐಸ್ಲರ್ 1992ರಲ್ಲಿ ನಿಧನರಾದರು.

ಇಲ್ಲಿಂದ ಆಂಟೆನಾಕ್ಕೆ ಒಂದೇ ಹೆಜ್ಜೆ. ಆ ಹೆಜ್ಜೆ ಇಟ್ಟದ್ದು ಹೇಗೆ ಎಂಬುದು ಸ್ವಾರಸ್ಯದ ಸಂಗತಿ. 1952ರ ಡಿಸೆಂಬರಿನಲ್ಲಿ ಅಮೆರಿಕದ ಫೆಡರಲ್ ಟೆಲಿಕಮ್ಯುನಿಕೇಶನ್ ಪ್ರಯೋಗಾಲಯದ ಗ್ರೀಗ್ ಮತ್ತು ಎಂಗೆಲ್‌ಮನ್ ಮೈಕ್ರೋಸ್ಟ್ರಿಪ್ ಎಂಬ ಹೊಸ ತಂತಿಯ ಬಗ್ಗೆ ಬರೆದರು. ಮೇಲೊಂದು ತಾಮ್ರದ ಪಟ್ಟಿ, ಕೆಳಗೊಂದು ತಾಮ್ರದ ಹಾಳೆ, ನಡುವೆ ಪ್ಲಾಸ್ಟಿಕ್ಕಿನಂತಹ ವಿದ್ಯುತ್ ನಿರೋಧಕ ಪದರ. ಮೈಕ್ರೋವೇವ್ ಅಲೆಯನ್ನು ಭಾರವಾದ ಹಿತ್ತಾಳೆ ಕೊಳವೆಯಲ್ಲಿ ಒಯ್ಯುವ ಬದಲು ಈ ಅಚ್ಚಿನ ಪಟ್ಟಿಯಲ್ಲಿ ಒಯ್ಯಬಹುದಿತ್ತು. ಆದರೆ ಅದಕ್ಕೊಂದು ದೋಷ ಅಂಟಿಕೊಂಡಿತ್ತು. ಪಟ್ಟಿ ತಿರುಗುವಲ್ಲಿ, ಅಗಲ ಬದಲಾಗುವಲ್ಲಿ, ತುದಿಗಳಲ್ಲಿ ಅಲೆ ಹೊರಗೆ ಸೋರುತ್ತಿತ್ತು. ಈ ಸೋರಿಕೆ ಇಂಜಿನಿಯರುಗಳಿಗೆ ತಲೆನೋವಾಯಿತು. ಅದೇ ಪ್ರಯೋಗಾಲಯದಲ್ಲಿದ್ದ ಜಾರ್ಜ್ ದೆಶಾಂ ಎಂಬ ಫ್ರೆಂಚ್ ಗಣಿತಜ್ಞ ಮಾತ್ರ ಅದನ್ನು ಬೇರೆ ರೀತಿ ನೋಡಿದರು. ಅಲೆಯನ್ನು ಹೊರಗೆ ಬಿಡುವುದೇ ಅಲ್ಲವೆ ಆಂಟೆನಾದ ಕಸುಬು? ಹಾಗಾದರೆ ಚೆನ್ನಾಗಿಯೇ ಸೋರಲಿ! 1953ರಲ್ಲಿ ಅಮೆರಿಕದ ವಾಯುಪಡೆ ನಡೆಸಿದ ಆಂಟೆನಾ ಸಮಾವೇಶದಲ್ಲಿ ಅವರು ಮೈಕ್ರೋಸ್ಟ್ರಿಪ್ ಆಂಟೆನಾವನ್ನು ಮುಂದಿಟ್ಟರು.

ಆಮೇಲೆ ಸುಮಾರು ಇಪ್ಪತ್ತು ವರ್ಷ ಏನೂ ಆಗಲಿಲ್ಲ. 1955ರಲ್ಲಿ ಫ್ರಾನ್ಸಿನಲ್ಲಿ ಒಂದು ಪೇಟೆಂಟ್ ಬಂದದ್ದು ಬಿಟ್ಟರೆ ಮೌನ. ಕಾರಣ, ತಾಮ್ರ ಅಂಟಿಸಬಹುದಾದ, ಒಳಗೇ ಅಲೆಯನ್ನು ಹೀರಿ ಹಾಕದ, ಸಮನಾದ ದಪ್ಪದ ಒಳ್ಳೆಯ ಹಾಳೆಗಳು ಸುಲಭವಾಗಿ ಸಿಗುತ್ತಿರಲಿಲ್ಲ. ಅದು ಬೇಕೇ ಬೇಕು ಎನ್ನುವ ಗಿರಾಕಿಯೂ ಇರಲಿಲ್ಲ. ನಾನ್‌ಸ್ಟಿಕ್ ಕಾವಲಿಯ ಮೇಲಿರುವ ಟೆಫ್ಲಾನ್ ಸೇರಿದ ಹಾಳೆಗಳು ಬಂದ ಮೇಲೆ, 1970ರ ದಶಕದ ಆರಂಭದಲ್ಲಿ, ಗಿರಾಕಿಯೂ ಬಂದ. ಕ್ಷಿಪಣಿ, ರಾಕೆಟ್ ಮಾಡುವವರಿಗೆ ಮೈಯಿಂದ ಹೊರಗೆ ಚಾಚದ, ಗಾಳಿಗೆ ಅಡ್ಡಿಯಾಗದ, ಬಳೆಯಂತೆ ಸುತ್ತಿ ಅಂಟಿಸಬಹುದಾದ ಆಂಟೆನಾ ಬೇಕಿತ್ತು. ನಾಸಾದ ಜಾನ್ ಹೋವೆಲ್ ಮತ್ತು ಕೊಲೊರಾಡೋದ ಬಾಲ್ ಬ್ರದರ್ಸ್ ಸಂಸ್ಥೆಯ ರಾಬರ್ಟ್ ಮನ್ಸನ್ ಅದನ್ನು ಮಾಡಿ ತೋರಿಸಿದರು. ಮನ್ಸನ್ ಅವರ ಪ್ರಬಂಧ 1974ರಲ್ಲಿ ಪ್ರಕಟವಾಯಿತು. ಬಾಲ್ ಮನೆತನದವರು ಮೂಲತಃ ಹಣ್ಣು, ತರಕಾರಿ ಕೆಡದಂತೆ ಇಡುವ ಗಾಜಿನ ಜಾಡಿ ಮಾಡಿ ಹೆಸರಾದವರು. ಸ್ವರಲಿಪಿಯ ಮುದ್ರಣಾಲಯದಿಂದ ಹೊರಟ ವಿದ್ಯೆ ಜಾಡಿಯವರ ಅಂಗಳಕ್ಕೆ ಬಂದು ಆಂಟೆನಾ ಆದದ್ದು ಹೀಗೆ.

ಚೌಕಾಕಾರದ ಆ ತಾಮ್ರದ ತುಂಡಿಗೆ ಪ್ಯಾಚ್ ಎಂದು ಹೆಸರಾಯಿತು. ಹರಿದ ಬಟ್ಟೆಗೆ ಹಾಕುವ ತೇಪೆ ಎಂದೇ ಅರ್ಥ. 1978ರ ಜೂನಿನಲ್ಲಿ ಅಮೆರಿಕ ಹಾರಿಸಿದ ಸೀಸ್ಯಾಟ್ ಉಪಗ್ರಹದ ರೇಡಾರಿಗೆ ಇಂತಹ 1024 ತೇಪೆಗಳನ್ನು ಜೋಡಿಸಿದ, ಹತ್ತು ಮೀಟರಿಗಿಂತ ಉದ್ದ, ಎರಡು ಮೀಟರಿಗಿಂತ ತುಸು ಅಗಲದ ಹಲಗೆ ಇತ್ತು. ಉಪಗ್ರಹ ಅಕ್ಟೋಬರಿನಲ್ಲೇ ವಿದ್ಯುತ್ ದೋಷದಿಂದ ನಿಂತುಹೋಯಿತು. ಆದರೆ ಅಷ್ಟರಲ್ಲಿ ಅದು ಸಮುದ್ರದ ಅಲೆಗಳ ಚಿತ್ರವನ್ನು ಆಕಾಶದಿಂದ ತೆಗೆದುಕೊಟ್ಟಿತ್ತು. 2012ರ ಏಪ್ರಿಲಿನಲ್ಲಿ ನಮ್ಮ ಇಸ್ರೋ ಹಾರಿಸಿದ ರೈಸ್ಯಾಟ್-1ರ 6 ಮೀಟರ್ ಉದ್ದ, 2 ಮೀಟರ್ ಅಗಲದ ಆಂಟೆನಾ ಕೂಡ ಇದೇ ಜಾತಿಯದು.

ಇನ್ನು ಚೌಕಾಸಿಯ ವಿಷಯ. ತೇಪೆಯನ್ನು ಚಿಕ್ಕದು ಮಾಡುವ ಮೊದಲ ಉಪಾಯ ಅದರ ಅಡಿಯ ಹಾಳೆಯಲ್ಲಿದೆ. ನಿರೋಧಕ ವಸ್ತುವಿನೊಳಗೆ ಅಲೆ ನಿಧಾನವಾಗುತ್ತದೆ, ಹಾಗಾಗಿ ಮೊಟಕಾಗುತ್ತದೆ. ವೈ-ಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆಗೆ ಗಾಳಿಯಲ್ಲಿ ಸುಮಾರು 6 ಸೆಂಟಿಮೀಟರಿನ ತೇಪೆ ಬೇಕಾದರೆ, ಸಾಮಾನ್ಯ ಹಸಿರು ಹಲಗೆಯ ಮೇಲೆ 3 ಸೆಂಟಿಮೀಟರ್ ಸಾಕು. ಮಲ್ಪೆಯ ದೋಣಿಗಳಲ್ಲಿರುವಂತಹ ಜಿಪಿಎಸ್ ಸಲಕರಣೆಗಳ ಒಳಗೆ ಹೆಚ್ಚಾಗಿ ಪಿಂಗಾಣಿಯಂತಹ ಸೆರಾಮಿಕ್ ಬಿಲ್ಲೆ ಇರುತ್ತದೆ. ಗಾಳಿಯಲ್ಲಿ 9 ಸೆಂಟಿಮೀಟರ್ ದಾಟಬೇಕಿದ್ದುದು ಅಲ್ಲಿ ಎರಡೂವರೆ ಸೆಂಟಿಮೀಟರಿಗೆ ಇಳಿದಿದೆ.

ಕುಗ್ಗಿಸಿದ್ದಕ್ಕೆ ದಂಡ ಕಟ್ಟಲೇಬೇಕು. ಎಷ್ಟು ಎಂಬುದನ್ನು 1947ರಲ್ಲಿ ಹೆರಾಲ್ಡ್ ವೀಲರ್, 1948ರಲ್ಲಿ ಚೀನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಎಲ್.ಜೆ. ಚೂ ಲೆಕ್ಕ ಹಾಕಿ ಇಟ್ಟಿದ್ದಾರೆ. ಆಂಟೆನಾವನ್ನು ಪೂರ್ತಿ ಒಳಗೊಳ್ಳುವ ಒಂದು ಗೋಳವನ್ನು ಊಹಿಸಿಕೊಳ್ಳಿ. ಅಲೆಗೆ ಹೋಲಿಸಿದರೆ ಬಹಳ ಚಿಕ್ಕದಾದ ಆ ಗೋಳವನ್ನು ಇನ್ನೂ ಅರ್ಧಕ್ಕೆ ಇಳಿಸಿದರೆ, ಆಂಟೆನಾ ಕೆಲಸ ಮಾಡಬಲ್ಲ ತರಂಗಗಳ ಪಟ್ಟಿ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಪಟ್ಟಿ ಅಷ್ಟು ಕಿರಿದಾದರೆ ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ತಪ್ಪಾದರೂ ಆಂಟೆನಾ ಬೇರೆಯೇ ಸ್ಟೇಷನ್ನಿಗೆ ಹೊಂದಿಕೊಂಡು ಕೂತಿರುತ್ತದೆ. ಅದನ್ನು ತಪ್ಪಿಸಲು ಹೋದರೆ ಶಕ್ತಿ ಬಿಸಿಯಾಗಿ ಹಾಳಾಗುತ್ತದೆ. ಚಿಕ್ಕ ಗಾತ್ರ, ಅಗಲದ ಪಟ್ಟಿ, ಒಳ್ಳೆಯ ಗಳಿಕೆ ಮೂರನ್ನೂ ಒಟ್ಟಿಗೆ ಕೊಡುವ ಅಂಗಡಿ ಎಲ್ಲಿಯೂ ಇಲ್ಲ.

ಹಾಗಾಗಿ ಆಂಟೆನಾ ವಿನ್ಯಾಸ ಎಂದರೆ ಯಾವುದನ್ನು ಬಿಟ್ಟುಕೊಡಬೇಕು ಎಂದು ತೀರ್ಮಾನಿಸುವ ಕಲೆ. ತೇಪೆಯ ಒಂದು ಅಂಚಿನುದ್ದಕ್ಕೂ ಗುಂಡುಸೂಜಿಯಂಥ ತಂತಿಗಳನ್ನು ಇಳಿಸಿ ಕೆಳಗಿನ ಹಾಳೆಗೆ ಸೇರಿಸಿದರೆ ಗಾತ್ರ ಅರ್ಧವಾಗುತ್ತದೆ. ಹಳೆಯ ಮೊಬೈಲುಗಳು ತಲೆಯ ಮೇಲಿನ ಗಿಡ್ಡ ಕೋಲನ್ನು ಕಳೆದುಕೊಂಡದ್ದು ಇದೇ ಬಗೆಯ ಉಪಾಯದಿಂದ. 1995ರಲ್ಲಿ ಹುಯಿನ್ ಮತ್ತು ಲೀ ತೇಪೆಯಲ್ಲಿ ಇಂಗ್ಲಿಷಿನ ಯು ಅಕ್ಷರದಂತೆ ಸೀಳು ಕೊಯ್ದು ಪಟ್ಟಿಯನ್ನು ಅಗಲ ಮಾಡಿದರು. ಗಳಿಕೆ ಬೇಕಾದರೆ? ಒಂದು ಒಳ್ಳೆಯ ತೇಪೆ ಎಲ್ಲ ದಿಕ್ಕಿಗೂ ಸಮನಾಗಿ ಬೀರುವ ಕಾಲ್ಪನಿಕ ಆಂಟೆನಾದ ನಾಲ್ಕೈದು ಪಟ್ಟು ಮುಂದಕ್ಕೆ ಬೀರುತ್ತದೆ. ತೇಪೆಗಳ ಸಂಖ್ಯೆ ಇಮ್ಮಡಿಸಿದರೆ ಗಳಿಕೆಯೂ ಇಮ್ಮಡಿಸಬೇಕು. ಆದರೆ ಅವುಗಳಿಗೆ ಶಕ್ತಿ ಹಂಚುವ ಅಚ್ಚಿನ ಗೆರೆಗಳು ಉದ್ದವಾದಂತೆ ಹಂಚುವಾಗಲೇ ಒಂದಷ್ಟು ನಷ್ಟವಾಗುತ್ತದೆ. ದೊಡ್ಡ ಕುಟುಂಬದ ಆಸ್ತಿಯಂತೆ, ಪಾಲುದಾರರು ಹೆಚ್ಚಿದಷ್ಟೂ ಪಾಲು ಮಾಡುವ ಖರ್ಚೇ ಮೇಲಾಗುತ್ತದೆ. ಇನ್ನೊಂದು ದಾರಿಯನ್ನು 1956ರಲ್ಲಿ ಫಾನ್ ಟ್ರೆಂಟಿನಿ ತೋರಿಸಿದ್ದರು. ಆಂಟೆನಾದ ಎದುರು ಅರ್ಧ ಅಲೆಯಷ್ಟು ದೂರದಲ್ಲಿ, ಅರೆಪಾರದರ್ಶಕ ಕನ್ನಡಿಯಂತಹ ಒಂದು ಹಾಳೆಯನ್ನು ಹಿಡಿದರೆ ಅಲೆ ಒಳಗೇ ಹಿಂದೆ ಮುಂದೆ ಪುಟಿದು, ಹದಗೊಂಡು, ಒಂದೇ ದಿಕ್ಕಿಗೆ ಹೊರಬೀಳುತ್ತದೆ. ಇದೂ ದಶಕಗಳ ಕಾಲ ಮೂಲೆಯಲ್ಲಿತ್ತು. 2000ದ ನಂತರ ಅಚ್ಚಿನ ಹಾಳೆಗಳ ಮೇಲೆ ಬೇಕಾದ ವಿನ್ಯಾಸ ಕೊರೆಯುವುದು ಸುಲಭವಾದಾಗ ಸಂಶೋಧಕರು ಮತ್ತೆ ಅದನ್ನು ಕೈಗೆತ್ತಿಕೊಂಡರು.

ಬೋಸ್ ಅವರ ಮಿಲಿಮೀಟರ್ ಅಲೆಗಳಿಗೂ ಹೀಗೆಯೇ ಮರುಜನ್ಮ ಬಂತು. 28 ಗಿಗಾಹರ್ಟ್ಸ್‌ನಲ್ಲಿ ಅರ್ಧ ಅಲೆ 5 ಮಿಲಿಮೀಟರ್ ಮಾತ್ರ. ಕೆಲವು ದೇಶಗಳ 5ಜಿ ಫೋನುಗಳಲ್ಲಿ ನಾಲ್ಕು ತೇಪೆಗಳ ಸಾಲೊಂದು ಬೆರಳಿನ ತುದಿಯಷ್ಟು ಜಾಗದಲ್ಲಿ ಕುಳಿತಿದೆ. ದೂರ ಹೋಗುವುದಿಲ್ಲ ಎಂದು ಒಂದು ಕಾಲಕ್ಕೆ ಬದಿಗಿಟ್ಟ ಅಲೆಗಳು ಅವು.

ಈ ಚರಿತ್ರೆಯಲ್ಲಿ ಕನ್ನಡ ನಾಡಿನ ಹೆಸರೊಂದು ಬರುತ್ತದೆ ಎಂಬುದು ನಮಗೆ ಸಂತೋಷದ ವಿಷಯ. ರಾಜೇಶ್ವರಿ ಚಟರ್ಜಿ ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಹೆಸರಾದವರು. 1922ರಲ್ಲಿ ಹುಟ್ಟಿದರು. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿದ ರಾಜೇಶ್ವರಿ ಅವರು ಸಿ.ವಿ. ರಾಮನ್ ಅವರ ಬಳಿ ಕೆಲಸ ಕೇಳಿದಾಗ, ಭೌತಶಾಸ್ತ್ರದ ಪದವಿ ಇಲ್ಲವೆಂಬ ಕಾರಣಕ್ಕೆ ಸಿಗಲಿಲ್ಲವಂತೆ. 1943ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಜನ ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ವಿಭಾಗ ಸೇರಿದರು. ವಿದ್ಯಾರ್ಥಿವೇತನ ಪಡೆದು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ, 1953ರಲ್ಲಿ ಡಾಕ್ಟರೇಟ್ ಪಡೆದು ಹಿಂದಿರುಗಿದರು. ದೆಶಾಂ ತನ್ನ ಸೋರುವ ಪಟ್ಟಿಯ ಬಗ್ಗೆ ಹೇಳಿದ ವರ್ಷವೇ ಅದು. ಅದೇ ವರ್ಷ ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿ ಅವರನ್ನು ಮದುವೆಯಾದರು. ಇಬ್ಬರೂ ಸೇರಿ ಬೆಂಗಳೂರಿನಲ್ಲಿ ಮೈಕ್ರೋವೇವ್ ಸಂಶೋಧನೆಯನ್ನು ಕಟ್ಟಿದರು. ಲೋಹದ ಬದಲು ನಿರೋಧಕ ವಸ್ತುಗಳಿಂದ ಅಲೆಯನ್ನು ನಡೆಸುವ ಆಂಟೆನಾಗಳ ಮೇಲೆ ರಾಜೇಶ್ವರಿ ಅವರು ದುಡಿದರು, ಪುಸ್ತಕ ಬರೆದರು, ಇಪ್ಪತ್ತು ಮಂದಿಗೆ ಪಿಎಚ್.ಡಿ. ಮಾರ್ಗದರ್ಶನ ನೀಡಿದರು. 1982ರಲ್ಲಿ ನಿವೃತ್ತರಾಗಿ, 2010ರಲ್ಲಿ ತೀರಿಕೊಂಡರು.

ಇಂದು ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ತೇಪೆ ಆಂಟೆನಾ ಅಚ್ಚುಮೆಚ್ಚಿನ ವಿಷಯ. ಖರ್ಚು ಕಡಿಮೆ. ಕಂಪ್ಯೂಟರಿನಲ್ಲಿ ಬಿಡಿಸಿದರೆ ಅದೇ ಗಳಿಕೆಯನ್ನೂ ಬಣ್ಣಬಣ್ಣದ ಚಿತ್ರವಾಗಿ ತೋರಿಸುತ್ತದೆ. ಅಲ್ಲಿಗೇ ಮುಗಿಸಿ ವರದಿಗೆ ಬೈಂಡು ಹಾಕಿಸುವವರೇ ಹೆಚ್ಚು. ಹಲಗೆಯ ಮೇಲೆ ಕೊರೆದು ನಿಜವಾಗಿ ಅಳೆಯುವವರು ಕಡಿಮೆ, ಏಕೆಂದರೆ ಅಲೆ ಪ್ರತಿಫಲಿಸದ ಕೋಣೆ ಬಹಳಷ್ಟು ಕಡೆ ಇಲ್ಲ. ಕರಾವಳಿಯ ಒಂದು ಕಾಲೇಜಿನಲ್ಲಿ ನಾವು ಕಂಡ ತಂಡ ಹಾಗೆ ಬಿಟ್ಟಿರಲಿಲ್ಲ. ಮೂವರು ಹೆಣ್ಣುಮಕ್ಕಳು, ಅವರಲ್ಲಿ ಇಬ್ಬರು ಮುಸ್ಲಿಮರು, ತಾವೇ ಕೊರೆದ ಹಲಗೆಯನ್ನು ಮರದ ಕೋಲಿಗೆ ಕಟ್ಟಿಕೊಂಡು ಕಟ್ಟಡದ ತಾರಸಿ ಹತ್ತಿದ್ದರು. ಒಬ್ಬಳು ಕೋಲನ್ನು ಹತ್ತತ್ತು ಡಿಗ್ರಿ ತಿರುಗಿಸುತ್ತಿದ್ದಳು. ಇನ್ನೊಬ್ಬಳು ನೆರಳಿನಲ್ಲಿ ಮೀಟರ್ ನೋಡಿ ಅಂಕೆ ಕೂಗುತ್ತಿದ್ದಳು. ಮೂರನೆಯವಳು ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಕಂಪ್ಯೂಟರ್ ಹೇಳಿದ್ದಕ್ಕಿಂತ ಗಳಿಕೆ ಎರಡು ಡೆಸಿಬೆಲ್ ಕಡಿಮೆ ಬಂದಿತ್ತು. ವರದಿಯಲ್ಲಿ ಯಾವುದನ್ನು ಹಾಕುತ್ತೀರಿ ಎಂದು ಕೇಳಿದೆವು. ಎರಡನ್ನೂ ಹಾಕುತ್ತೇವೆ ಸರ್, ಮೊದಲು ತಾರಸಿಯದ್ದು ಎಂದು ಹೇಳಿ, ಆಕೆ ಕೋಲನ್ನು ಇನ್ನೂ ಹತ್ತು ಡಿಗ್ರಿ ತಿರುಗಿಸಿದಳು.